ಮಳೆ ನಕ್ಷೆಯ ಬಣ್ಣಗಳನ್ನು ಓದುವ ಬಗೆ

ಮಳೆ, ಅಂತರ್ಜಲ, ಮಣ್ಣಿನ ಸಾರ ಇವುಗಳ ಅಂಕಿ-ಅಂಶಗಳನ್ನು ಬಣ್ಣದ ನಕ್ಷೆಗಳ ಮೂಲಕ ತಿಳಿಸುವುದು ಈಗ ರೂಢಿಯಾಗಿದೆ. ಪುಟಗಟ್ಟಲೆ ಅಂಕಿಗಳನ್ನು ಬಣ್ಣವು ಒಂದೇ ನೋಟಕ್ಕೆ ತೋರಿಸಬಲ್ಲದು. ಆದರೆ ನಕ್ಷೆ ತಯಾರಿಸಿದವರು ಯಾವ ಅರ್ಥ ಕೊಟ್ಟಿರುವರೋ ಅದೇ ಬಣ್ಣದ ಅರ್ಥ. ಹೋಳೂರು ಹೋಬಳಿಯಂತಹ ಕಡೆ ಮಳೆಯಾಶ್ರಿತ ರಾಗಿ ಬೆಳೆಯುವ ರೈತರು ಬಣ್ಣವನ್ನು ತಪ್ಪಾಗಿ ತಿಳಿದು ಬಿತ್ತಿದರೆ ಬೀಜ, ಗೊಬ್ಬರ ಎರಡೂ ನಷ್ಟವಾಗುತ್ತವೆ.

ಹಳದಿಗೆ ಎರಡು ಅರ್ಥ

ಭಾರತ ಹವಾಮಾನ ಇಲಾಖೆಯ ಮಳೆ ನಕ್ಷೆಯಲ್ಲಿ ವಾಡಿಕೆಗಿಂತ ಶೇ. 19ರವರೆಗೆ ಹೆಚ್ಚು ಅಥವಾ ಕಡಿಮೆ ಇದ್ದರೆ ಹಸಿರು, ಶೇ. 20ರಿಂದ 59 ಕೊರತೆಗೆ ಕೆಂಪು, ಶೇ. 60ರಿಂದ 99 ಕೊರತೆಗೆ ಹಳದಿ. ಅಂದರೆ ಇಲ್ಲಿ ಕೆಂಪಿಗಿಂತ ಹಳದಿಯೇ ಹೆಚ್ಚು ಕೆಟ್ಟದ್ದು. ಅದೇ ಇಲಾಖೆಯ ಹವಾಮಾನ ಎಚ್ಚರಿಕೆಗಳಲ್ಲಿ ಮಾತ್ರ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಕ್ರಮದಲ್ಲಿ ಅಪಾಯ ಏರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಒಂದು ಬಣ್ಣದೊಳಗಿನ ಅಂತರ

ವಾಡಿಕೆ ಮಳೆ 100 ಮಿ.ಮೀ. ಎಂದಿಟ್ಟುಕೊಳ್ಳಿ. 81 ಮಿ.ಮೀ. ಬಿದ್ದರೆ ಹಸಿರು, 80 ಬಿದ್ದರೆ ಕೆಂಪು. ಒಂದು ಮಿ.ಮೀ. ಅಂತರದಿಂದ ಬೆಳೆಗೆ ಹೆಚ್ಚೇನೂ ಆಗದು. ಆದರೆ 80 ಮಿ.ಮೀ. ಮತ್ತು 41 ಮಿ.ಮೀ. ಎರಡಕ್ಕೂ ಕೆಂಪೇ, ಇವುಗಳ ನಡುವೆ ಬೆಳೆ ಉಳಿಯುವ, ಒಣಗುವ ವ್ಯತ್ಯಾಸವಿರಬಹುದು.

ಅಂತರ್ಜಲದ ವರ್ಗಗಳೂ ಹೀಗೆಯೇ. ವರ್ಷದಲ್ಲಿ ಬಳಸಬಹುದಾದ ನೀರಿನ ಶೇ. 70ರವರೆಗೆ ಎತ್ತಿದರೆ ಸುರಕ್ಷಿತ, 70ರಿಂದ 90 ಅರೆ ಕ್ಲಿಷ್ಟ, 90ರಿಂದ 100 ಕ್ಲಿಷ್ಟ, 100 ಮೀರಿದರೆ ಅತಿಬಳಕೆ. 2017ರ ಅಂದಾಜಿನಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳೆಲ್ಲವೂ ಅತಿಬಳಕೆಯ ವರ್ಗದಲ್ಲಿದ್ದವು. ಶೇ. 101 ಎತ್ತಿದರೂ, ಶೇ. 200 ಎತ್ತಿದರೂ ಈ ವರ್ಗಕ್ಕೆ ಬಣ್ಣ ಒಂದೇ. ಆದ್ದರಿಂದ ಬಣ್ಣ ಬದಲಾಗದಿದ್ದರೂ ಪರಿಸ್ಥಿತಿ ಬಿಗಡಾಯಿಸುತ್ತಿರಬಹುದು, ಸುಧಾರಿಸುತ್ತಲೂ ಇರಬಹುದು.

ಉತ್ತಮ ಬಣ್ಣದ ಪಟ್ಟಿ ಹೇಗಿರಬೇಕು?

ಭತ್ತಕ್ಕೆ ಸಾರಜನಕ ಕೊಡುವ ಕಾಲವನ್ನು ತಿಳಿಯಲು ಬಳಸುವ ಎಲೆಬಣ್ಣದ ಪಟ್ಟಿ ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಒಂದೇ ಬಣ್ಣ ಹಂತಹಂತವಾಗಿ ಗಾಢವಾಗುತ್ತದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕೊಳವೆ ಬಾವಿಗಳ ನೀರಿನ ಆಳವನ್ನು ತೋರಿಸಲು ಇಂತಹ ಪಟ್ಟಿಯೇ ಸೂಕ್ತ.

ಮಳೆಯ ಏರುಪೇರಿಗೆ ಮಾತ್ರ ನಡುವೆ ವಾಡಿಕೆ ಎಂಬ ಗುರುತಿದೆ. ಆದುದರಿಂದ ವಾಡಿಕೆಗೆ ಬಿಳಿ, ಕೊರತೆ ಹೆಚ್ಚಿದಂತೆ ಗಾಢವಾಗುವ ಕಂದು, ಅಧಿಕ ಮಳೆಗೆ ಗಾಢವಾಗುವ ನೀಲಿ ಬಳಸುವುದು ಮೇಲು. ಕೆಲವರಿಗೆ ಕೆಂಪು-ಹಸಿರುಗಳ ಭೇದ ಕಣ್ಣಿಗೆ ತಿಳಿಯುವುದಿಲ್ಲ. ಅಂಥವರಿಗೂ ಇದು ಅನುಕೂಲ.

ಗಮನಿಸಬೇಕಾದ ಅಂಶಗಳು

1. ಮೊದಲು ನಕ್ಷೆಯ ಮೂಲೆಯಲ್ಲಿರುವ ಬಣ್ಣಗಳ ವಿವರಣೆಯನ್ನು ಓದಿ, ಅನಂತರ ನಕ್ಷೆಯನ್ನು ನೋಡಿ.

2. ನಕ್ಷೆ ದಿನದ್ದೋ, ವಾರದ್ದೋ, ಹಂಗಾಮಿನದ್ದೋ ತಿಳಿದುಕೊಳ್ಳಿ.

3. ಜಿಲ್ಲೆಗೆ ಬಳಿದ ಬಣ್ಣ ಸರಾಸರಿಯದು. ನಿಮ್ಮ ಹೋಬಳಿಯ ಮಳೆಯ ಅಂಕಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

4. ಬಿತ್ತುವ ಮುನ್ನ ಹೊಲದ ಮಣ್ಣಿನ ಹದವನ್ನು ಪರೀಕ್ಷಿಸಿ.

5. ವಿಸ್ತರಣಾ ಕಾರ್ಯಕರ್ತರು ನಕ್ಷೆಯ ಪ್ರತಿ ಹಂಚುವಾಗ ಪ್ರತಿ ಬಣ್ಣದ ಮೇಲೆ ಅಂಕಿಯನ್ನೂ ಬರೆಯಬೇಕು. ಕಪ್ಪು-ಬಿಳುಪು ಪ್ರತಿಯಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದುಬಣ್ಣವಾಗಿ ಕಾಣಬಹುದು; ಅಂಕಿ ಮಾತ್ರ ಹಾಗೆಯೇ ಉಳಿಯುತ್ತದೆ.