ಕಿಟಕಿಗೆ ಇಎಂಐ ಇಲ್ಲ!

‘ನಂದೊಂದು ಒಳ್ಳೆ ಫೋಟೊ ತೆಗೆದಿಡೋ. ನಾಳೆ ನಾನು ಹೋದ್ಮೇಲೆ ನಿಮ್ಮಜ್ಜಂದಕ್ಕೆ ಪರದಾಡಿದಂಗೆ ಪರದಾಡಬೇಡಿ.’

ಅಜ್ಜಿ ಹೀಗಂದಾಗ ನನಗೆ ನಗು ಬಂತು. ಆದರೆ ಅವಳ ಮಾತು ಸುಳ್ಳೇನೂ ಆಗಿರಲಿಲ್ಲ. ಅಜ್ಜ ತೀರಿಕೊಂಡಾಗ ಮನೆಯೆಲ್ಲ ಹುಡುಕಿದರೂ ಅವರದೊಂದು ಬಿಡಿ ಫೋಟೊ ಸಿಗಲಿಲ್ಲ. ಕೊನೆಗೆ ವೋಟರ್ ಐಡಿಯಲ್ಲಿದ್ದ ಪುಟ್ಟ ಚಿತ್ರವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದೆವು. ಗೋಡೆಯ ಮೇಲಿನ ಅಜ್ಜ ಇವತ್ತಿಗೂ ಮಂಜಿನಾಚೆ ನಿಂತವರಂತೆ ಕಾಣುತ್ತಾರೆ.

ನನ್ನ ಬಳಿ ಕ್ಯಾಮೆರಾ ಇತ್ತು. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3300, ಜೊತೆಗೆ ಬಂದ 18–55 ಕಿಟ್ ಲೆನ್ಸ್. ಅವತ್ತು ರಾತ್ರಿಯೇ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ ಫ್ಲ್ಯಾಶ್ ಹಾಕಿ ಕ್ಲಿಕ್ಕಿಸಿದೆ. ಮುಖಕ್ಕೆ ಸುಣ್ಣ ಬಳಿದಂತಿತ್ತು. ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ, ಹಿಂದಿನ ಗೋಡೆಯ ಮೇಲೆ ಕರ‍್ರಗಿನ ನೆರಳು. ಫ್ಲ್ಯಾಶ್ ಆಫ್ ಮಾಡಿ ಐಎಸ್ಒ 6400ಕ್ಕೆ ಏರಿಸಿದೆ. ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು.

‘ನನ್ನ ಮುಖಾನೇ ಹಿಂಗೇನೋ?’ ಅಂದಳು ಅಜ್ಜಿ.

‘ಇಲ್ಲಜ್ಜಿ, ಕ್ಯಾಮೆರಾ ಸರಿಯಿಲ್ಲ’ ಅಂದೆ. ಅಲ್ಲಿಂದ ಶುರುವಾಯಿತು ನೋಡಿ ತಲೆಕೆಟ್ಟ ಓಟ. ನಮ್ಮಂಥ ಹವ್ಯಾಸಿಗಳಿಗೆ ಇದು ಹೊಸ ಕಾಯಿಲೆಯಲ್ಲ. ಫೋಟೊ ಕೆಟ್ಟರೆ ಕ್ಯಾಮೆರಾ ಸರಿಯಿಲ್ಲ, ಚೆನ್ನಾಗಿ ಬಂದರೆ ಕೈಚಳಕ! ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕಾದ ರಾತ್ರಿಗಳಲ್ಲಿ ಕ್ಯಾಮೆರಾ ಹೋಲಿಕೆಯ ವಿಡಿಯೊ ನೋಡುತ್ತ ಕೂತೆ. ‘ಫುಲ್ ಫ್ರೇಮ್ ಇಲ್ಲದೆ ಆಗದು’ ಎಂಬ ತೀರ್ಮಾನಕ್ಕೆ ಬಂದೆ. ಅಣ್ಣನ ಕಾಲು ಹಿಡಿದು, ಅವನ ಕ್ರೆಡಿಟ್ ಕಾರ್ಡ್ ಉಜ್ಜಿಸಿ, 60,000 ರೂಪಾಯಿಗೆ ಹಳೆಯ ನಿಕಾನ್ ಡಿ750 ಬಾಡಿ ತಂದೆ. ತಿಂಗಳಿಗೆ 5,400 ರೂಪಾಯಿಯಂತೆ 12 ಕಂತು. ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳಿ ನಾನು ದುಡಿಯುತ್ತಿದ್ದುದು 7,000. ಕೋಚಿಂಗ್ ಸೇರಲೆಂದು ಎತ್ತಿಡುತ್ತಿದ್ದ ಹಣ ಅಲ್ಲಿಗೆ ನಿಂತಿತು.

ಲೆನ್ಸ್‌ಗೆ ದುಡ್ಡು ಉಳಿದಿರಲಿಲ್ಲ. ಹಳೆಯ ಕಿಟ್ ಲೆನ್ಸನ್ನೇ ಹೊಸ ಬಾಡಿಗೆ ತೊಡಿಸಿದೆ. ಅಲ್ಲೇ ಎಡವಿದ್ದು. ಆ ಲೆನ್ಸ್ ಸಣ್ಣ ಸೆನ್ಸರಿಗಾಗಿ ಮಾಡಿದ್ದು. ಅದನ್ನು ಹಾಕಿದ ತಕ್ಷಣ ಡಿ750 ತಾನಾಗಿಯೇ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಬರುವುದು ಸುಮಾರು 10 ಮೆಗಾಪಿಕ್ಸೆಲ್ ಚಿತ್ರ. ನನ್ನ ಹಳೆಯ ಡಿ3300 ಅದೇ ಲೆನ್ಸಿನಲ್ಲಿ 24 ಕೊಡುತ್ತಿತ್ತು! ದುಡ್ಡು ಕೊಟ್ಟು ಹಿಂದಕ್ಕೆ ಹೋಗಿದ್ದೆ.

ಇದನ್ನು ಯಾರಿಗೂ ಹೇಳದೆ, ಕ್ಯಾಮೆರಾ ಹೆಗಲಿಗೇರಿಸಿಕೊಂಡು ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಹಿಂದೆ ಸ್ಟುಡಿಯೊ ಇಟ್ಟಿದ್ದ ಮಾವನ ಮನೆಗೆ ಹೋದೆ. ರೋಲ್ ಹಾಕಿ 36 ಫೋಟೊ ತೆಗೆಯುತ್ತಿದ್ದ ಕಾಲದವರು. ಸೆನ್ಸರು, ಫೋಕಸ್ ಪಾಯಿಂಟು ಅಂತೆಲ್ಲ ನಾನು ಹೇಳಿದ್ದನ್ನು ಸಮಾಧಾನದಿಂದ ಕೇಳಿ, ‘ಅದಿರಲಿ, ನಿಮ್ಮಜ್ಜಿ ಮನೇಲಿ ಬೆಳಗ್ಗೆ ಎಂಟು ಗಂಟೆಗೆ ಯಾವ ಕಿಟಕಿಯಿಂದ ಬೆಳಕು ಬರುತ್ತೆ ಹೇಳು’ ಅಂದರು.

ಹುಟ್ಟಿ ಬೆಳೆದ ಮನೆ. ಉತ್ತರ ಗೊತ್ತಿರಲಿಲ್ಲ.

ಮರುದಿನ ಮಾವ ಅವರೇ ಬಂದರು. ‘ಹಳೇ ಕ್ಯಾಮೆರಾನೇ ತಗೊ’ ಅಂದರು. ನಡುಮನೆಯಲ್ಲಿ ಗಾಜಿನ ಹೆಂಚಿನ ಕೆಳಗೆ ಚೆನ್ನಾಗಿ ಬೆಳಕಿತ್ತು, ಅಲ್ಲಿ ಕೂರಿಸೋಣ ಅಂದೆ. ‘ನೆತ್ತಿ ಮೇಲಿಂದ ಬಿದ್ದರೆ ಕಣ್ಣು ಗುಳಿ ಬಿದ್ದಂಗೆ ಕಾಣುತ್ತೆ’ ಅಂದು ಪೂರ್ವದ ಕಿಟಕಿಯ ಪಕ್ಕ ಸ್ಟೂಲ್ ಹಾಕಿಸಿದರು. ನೇರ ಬಿಸಿಲು ಒಳಗೆ ಬರುತ್ತಿತ್ತು. ಅಪ್ಪನ ಬಿಳಿ ಪಂಚೆಯನ್ನು ಕಿಟಕಿಗೆ ಅಡ್ಡ ಕಟ್ಟಿಸಿದರು. ಬಿಸಿಲು ಹೋಗಿ ಇಡೀ ಕಿಟಕಿಯೇ ಒಂದು ದೊಡ್ಡ ದೀಪವಾಯಿತು. ಮುಖದ ಇನ್ನೊಂದು ಬದಿಗೆ ಟಿ.ವಿ. ಡಬ್ಬಿಯ ಥರ್ಮೊಕೋಲ್ ಹಿಡಿಯುವ ಕೆಲಸ ಅಮ್ಮನದು. ಕೊನೆಗೆ ‘ಟ್ಯೂಬ್‌ಲೈಟ್ ಆರಿಸು’ ಅಂದರು.

‘ಕತ್ತಲಲ್ಲಿ ಎಂಥ ಫೋಟೊನಪ್ಪಾ?’ ಎಂದು ಅಮ್ಮ ಗೊಣಗಿದಳು.

ಕಿಟಕಿಯ ಬೆಳಕಿನ ಬಣ್ಣ ಒಂದು, ಟ್ಯೂಬ್‌ಲೈಟಿನದು ಇನ್ನೊಂದು. ಎರಡೂ ಬೆರೆತರೆ ಮುಖದ ಒಂದು ಕೆನ್ನೆ ಒಂದು ಬಣ್ಣ, ಮತ್ತೊಂದು ಕೆನ್ನೆ ಮತ್ತೊಂದು ಬಣ್ಣ. ಯಾವ ವೈಟ್ ಬ್ಯಾಲೆನ್ಸಿಗೂ ಅದು ಪೂರ್ತಿ ಬಗ್ಗುವುದಿಲ್ಲ. ಫ್ಲ್ಯಾಶಿನಲ್ಲಿ ಅಜ್ಜಿ ಹಾಗೆ ಕಂಡಿದ್ದು ಯಾಕೆ ಅನ್ನುವುದೂ ಅವತ್ತು ತಿಳಿಯಿತು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಚೂಪು, ದೊಡ್ಡದಾದಷ್ಟೂ ಮೆದು. ಹೆಬ್ಬೆರಳಗಲದ ಫ್ಲ್ಯಾಶ್ ಎಲ್ಲಿ, ನಾಲ್ಕಡಿ ಕಿಟಕಿ ಎಲ್ಲಿ! ಐಎಸ್ಒ 400, ಎಫ್ 5.6, ಶಟರ್ 1/60. ಅದೇ ಕ್ಯಾಮೆರಾ, ಅದೇ ಕಿಟ್ ಲೆನ್ಸ್. ಪರದೆಯ ಮೇಲೆ ಅಜ್ಜಿಯ ಒಂದೊಂದು ಸುಕ್ಕೂ ನಿಚ್ಚಳವಾಗಿ, ಆದರೆ ಮೃದುವಾಗಿ ಮೂಡಿತ್ತು.

ಈ ಜಾಣತನ ಹೊಸದೇನಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಇಳಿದುಬರುವ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನೇ ಕನ್ನಡಿಯಲ್ಲಿ ಹಿಡಿದು ಒಳಗೆ ತಂದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರ ಆ ದೃಶ್ಯವನ್ನು ಸಿನಿಮಾ ಕಲಿಯುವವರು ಇಂದಿಗೂ ನೋಡುತ್ತಾರೆ.

ಹಾಗಂತ ಸಲಕರಣೆಯೇ ಬೇಡ ಎನ್ನುತ್ತಿಲ್ಲ. ಖರ್ಚು ಮಾಡುವ ಮುನ್ನ ಒಂದು ಸಣ್ಣ ಲೆಕ್ಕ ಹಾಕಿ. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ನನ್ನ ಹಳೆಯ ಕ್ಯಾಮೆರಾದ ಸೆನ್ಸರಿಗಿಂತ ಎರಡು ಪಟ್ಟಿಗೆ ತುಸು ಹೆಚ್ಚು. ಆದರೆ ಎಫ್ 5.6ರ ಬದಲು ಎಫ್ 1.8ರ 50 ಎಂಎಂ ಲೆನ್ಸ್ ಹಾಕಿದರೆ ಒಳಬರುವ ಬೆಳಕು ಹತ್ತಿರಹತ್ತಿರ 10 ಪಟ್ಟು. ಬಾಡಿಗಿಂತ ತೀರಾ ಕಡಿಮೆ ದುಡ್ಡಿಗೆ ಆ ಲೆನ್ಸ್ ಸಿಗುತ್ತದೆ. ಡಿ3300ರಂಥ ಬಾಡಿಯೊಳಗೆ ಫೋಕಸ್ ಮೋಟರ್ ಇರುವುದಿಲ್ಲ, ಹಾಗಾಗಿ ‘ಎಎಫ್-ಎಸ್’ ಎಂದಿರುವುದನ್ನೇ ಕೊಳ್ಳಿ. ಆಮೇಲೆ ತಲೆ ತಿರುಗಿಸಬಹುದಾದ ಫ್ಲ್ಯಾಶ್. ಅದನ್ನು ಬಿಳಿ ತಾರಸಿಗೋ ಗೋಡೆಗೋ ಹೊಡೆದರೆ ತಾರಸಿಯೇ ಕಿಟಕಿಯಾಗುತ್ತದೆ. ನೇರ ಹೊಡೆದರೆ ದೂರ ಎರಡು ಪಟ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮದುವೆ ಫೋಟೊಗಳಲ್ಲಿ ಮುಂದಿನ ಸಾಲು ಬೆಳ್ಳಗೆ, ಹಿಂದಿನ ಸಾಲು ಕಪ್ಪಗೆ ಬರುವುದು ಇದರಿಂದಲೇ. ಬಾಡಿ ಬದಲಿಸುವುದು ಕೊನೆಗೆ. ಇನ್ನೊಬ್ಬರ ಮದುವೆಯನ್ನು ದುಡ್ಡಿಗೆ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದರೆ ಮಾತು ಬೇರೆ. ಡಿ750ರಂತೆ ಎರಡು ಮೆಮೊರಿ ಕಾರ್ಡ್ ಹಿಡಿಯುವ ಬಾಡಿ ಆಗ ಬೇಕೇ ಬೇಕು. ಒಂದು ಕಾರ್ಡ್ ಕೈಕೊಟ್ಟರೆ ತಾಳಿ ಕಟ್ಟುವುದನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲವಲ್ಲ!

ನಾನು ಡಿ750ಯನ್ನು 50,000ಕ್ಕೆ ಮಾರಿದೆ. ಆ ಹಣದಲ್ಲಿ ಒಂದು 50 ಎಂಎಂ ಲೆನ್ಸ್ ಕೊಂಡು, ಉಳಿದದ್ದರಲ್ಲಿ ಕೋಚಿಂಗ್ ಸೇರಿದೆ. ಕೈಯಲ್ಲಿಲ್ಲದ ಕ್ಯಾಮೆರಾಗೆ ಇನ್ನೂ ಮೂರು ಕಂತು ಬಾಕಿ ಇದೆ. ಪ್ರತಿ ತಿಂಗಳು 5ನೇ ತಾರೀಖು ಅಣ್ಣ ತಪ್ಪದೆ ನೆನಪಿಸುತ್ತಾನೆ.

ಅಜ್ಜಿಯ ಫೋಟೊಗೆ ಕಟ್ಟು ಹಾಕಿಸಿ ಕೊಟ್ಟೆ. ಬಹಳ ಹೊತ್ತು ನೋಡಿದಳು. ‘ಬದುಕಿರೋರ ಫೋಟೊ ಗೋಡೆಗೆ ಹಾಕಬಾರದು’ ಅಂದವಳೇ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು. ಆದರೂ ಮನೆಗೆ ಯಾರೇ ಬರಲಿ, ಕಾಫಿ ಕೊಡುವ ಮೊದಲು ಟ್ರಂಕಿನ ಬೀಗ ತೆಗೆಯುತ್ತಾಳೆ.