ಕರೆಂಟ್ ಹೋಗಿ ಬಂದ ಮೇಲೆ ರಾಸ್ಪ್‌ಬೆರಿ ಪೈಗೆ ನೆಟ್ ಬರ್ತಿಲ್ವಾ? ಹೊಸ ಬೋರ್ಡ್ ಕೊಳ್ಳೋ ಮೊದಲು ಇಷ್ಟು ನೋಡಿ

ಅಂಗಡಿಯ ಕ್ಯಾಮೆರಾ ರೆಕಾರ್ಡಿಂಗ್, ಹೋಟೆಲಿನಲ್ಲಿ ತಿಂಡಿ ದರ ತೋರಿಸುವ ಟಿವಿ, ಶಾಲೆಯ ಕಂಪ್ಯೂಟರ್ ಲ್ಯಾಬ್. ಇಂಥ ಕಡೆ ಎಟಿಎಂ ಕಾರ್ಡ್ ಗಾತ್ರದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಬಳಸುವವರಿದ್ದಾರೆ. ಕಡಿಮೆ ಕರೆಂಟಿನಲ್ಲಿ ಹಗಲು ರಾತ್ರಿ ಓಡುತ್ತದೆ, ಮೂಲೆಯಲ್ಲಿಟ್ಟರೆ ಇದೆ ಅನ್ನೋದೇ ಮರೆತುಹೋಗುತ್ತದೆ. ತೊಂದರೆಯೂ ಅಲ್ಲೇ. ನೆಟ್ ಕಡಿದು ಕ್ಯಾಮೆರಾ ನಿಂತಿದೆ ಅಂತ ಗೊತ್ತಾಗೋದು, ಕಳ್ಳತನವಾಗಿ ಫುಟೇಜ್ ಬೇಕಾದ ದಿನ.

ನೆಟ್ ಬರದಿದ್ದರೆ ‘ಬೋರ್ಡ್ ಹೋಯ್ತು’ ಎಂದು ಸಾವಿರಾರು ರೂಪಾಯಿ ಕೊಟ್ಟು ಹೊಸದು ತರುವ ಅಗತ್ಯ ಬಹಳ ಸಲ ಇರುವುದಿಲ್ಲ. ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ನೋಡುತ್ತ ಹೋದರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ.

ಮೊದಲು ಮೊಬೈಲ್‌ನಲ್ಲಿ ನೋಡಿ

ಮೊಬೈಲ್ ಡೇಟಾ ಆಫ್ ಮಾಡಿ, ಅಂಗಡಿಯ ವೈಫೈಗೆ ಮಾತ್ರ ಸೇರಿಸಿ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಡೇಟಾ ಆನ್ ಇದ್ದರೆ ವೈಫೈ ಸತ್ತಿದ್ದರೂ ಮೊಬೈಲ್ ನಡೆಯುತ್ತದೆ, ಮೋಸ ಹೋಗುತ್ತೀರಿ. ಮೊಬೈಲ್‌ಗೂ ಬರದಿದ್ದರೆ ತಪ್ಪು ಪೈನದ್ದಲ್ಲ. ರೂಟರ್ ನೋಡಿ, ಕೇಬಲ್‌ನವರಿಗೆ ಫೋನ್ ಮಾಡಿ.

ಕರೆಂಟ್ ಬಂದಾಗ ಪೈ ಬೇಗ ಆನ್ ಆಗಿ, ರೂಟರ್ ತಡವಾಗಿ ಏಳುವುದೂ ಉಂಟು. ರೂಟರ್ ಪೂರ್ತಿ ಆನ್ ಆದ ಮೇಲೆ ಪೈಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಚಾರ್ಜರ್ ಸರಿಯಾಗಿದೆಯಾ?

ಹಳೇ ಮೊಬೈಲ್ ಚಾರ್ಜರ್ ಹಾಕಿ ಪೈ ಓಡಿಸುವುದು ಸಾಮಾನ್ಯ ತಪ್ಪು. ಪೈ 3ಕ್ಕೆ 5 ವೋಲ್ಟ್ 2.5 ಆಂಪ್, ಪೈ 4ಕ್ಕೆ 5 ವೋಲ್ಟ್ 3 ಆಂಪ್, ಪೈ 5ಕ್ಕೆ 5 ವೋಲ್ಟ್ 5 ಆಂಪ್ ಅಡಾಪ್ಟರ್ ಬೇಕೆಂದು ತಯಾರಕರೇ ಹೇಳುತ್ತಾರೆ. ಕರೆಂಟ್ ಸಾಲದಿದ್ದರೆ ಬೋರ್ಡ್ ಆನ್ ಆಗಿದ್ದರೂ ವೈಫೈ ಆಗಾಗ ಕಡಿಯಬಹುದು. ಪರದೆಯಲ್ಲಿ ಮಿಂಚಿನ ಗುರುತು ಅಥವಾ ‘ಲೋ ವೋಲ್ಟೇಜ್’ ಎಚ್ಚರಿಕೆ ಕಂಡರೆ ಚಾರ್ಜರ್ ಬದಲಿಸಿ. ಪೈ 3, ಪೈ 4ರಲ್ಲಿ ಕೆಂಪು ದೀಪ ಆರಿ ಆರಿ ಹತ್ತುತ್ತಿದ್ದರೂ ಅದೇ ಅರ್ಥ.

ವೈಫೈ ಹೆಸರೇ ಕಾಣಿಸ್ತಿಲ್ಲ

ಇದಕ್ಕೆ ಮೂರು ಕಾರಣಗಳಿರಬಹುದು.

ಒಂದು, ಪೈ 3 ಮಾಡೆಲ್ ಬಿ ಮತ್ತು ಜೀರೋ 2 ಡಬ್ಲ್ಯೂ ಬೋರ್ಡ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಹೊಸ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಅವಕ್ಕೆ ಕಾಣುವುದೇ ಇಲ್ಲ.

ಎರಡು, ಪೈನ ಸೆಟ್ಟಿಂಗ್‌ನಲ್ಲಿ ವೈಫೈ ದೇಶ ಆರಿಸದಿದ್ದರೆ ವೈಫೈ ಆಫ್ ಆಗಿಯೇ ಇರುತ್ತದೆ. ಅಲ್ಲಿ ‘ಇಂಡಿಯಾ’ ಆರಿಸಿ. ಅಮೆರಿಕ ಅಂತ ಇದ್ದರೆ ರೂಟರ್‌ನ 12, 13ನೇ ಚಾನೆಲ್ ಸಿಗದೇ ಹೋಗಬಹುದು.

ಮೂರು, ಬೋರ್ಡ್ ಕಬ್ಬಿಣದ ಡಬ್ಬಿಯೊಳಗೋ ಟಿವಿಯ ಹಿಂದೆಯೋ ಇದ್ದರೆ ಸಿಗ್ನಲ್ ತಡೆಯುತ್ತದೆ. ಸ್ವಲ್ಪ ಹೊರಗೆ ತೆಗೆದು ನೋಡಿ.

ಸಾಧ್ಯವಿದ್ದರೆ ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಹಾಕುವುದೇ ಒಳ್ಳೇದು. ಕೇಬಲ್ ಹಾಕಿದಾಗ ಪೋರ್ಟಿನ ದೀಪ ಹತ್ತದಿದ್ದರೆ ಕೇಬಲ್ ಬದಲಿಸಿ ನೋಡಿ.

ವೈಫೈ ಸೇರಿದೆ, ನೆಟ್ ಇಲ್ಲ

ಪರದೆಯ ಮೇಲ್ಭಾಗದ ಬಲಗಡೆ ಇರುವ ನೆಟ್‌ವರ್ಕ್ ಗುರುತಿನ ಮೇಲೆ ಮೌಸ್ ಇಟ್ಟರೆ ಐಪಿ ವಿಳಾಸ ಕಾಣುತ್ತದೆ. ಅದು 192.168 ಎಂದು ಶುರುವಾದರೆ ಸಾಮಾನ್ಯವಾಗಿ ಸರಿ. 169.254 ಎಂದಿದ್ದರೆ ಅಥವಾ ಏನೂ ಇಲ್ಲದಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ರೂಟರ್ ಆಫ್ ಮಾಡಿ ಆನ್ ಮಾಡಿ.

ವಿಳಾಸ ಸರಿ ಇದ್ದರೆ ಟರ್ಮಿನಲ್ ತೆರೆದು ‘ಪಿಂಗ್’ ಎಂದು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು 8.8.8.8 ಎಂದು ಹೊಡೆದು ಎಂಟರ್ ಒತ್ತಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಉತ್ತರ ಬಂದರೆ ನೆಟ್ ಇದೆ. ಅದಕ್ಕೆ ಉತ್ತರ ಬಂದು, ವೆಬ್‌ಸೈಟ್ ಹೆಸರು ಹಾಕಿದಾಗ ಬರದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ. ಹೆಸರನ್ನು ನಂಬರ್ ಆಗಿ ಬದಲಿಸುವ ಫೋನ್ ಪುಸ್ತಕ ಇದ್ದ ಹಾಗೆ ಅದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ.

ವೆಬ್‌ಸೈಟ್ ‘ಸುರಕ್ಷಿತವಲ್ಲ’ ಅಂತ ತಡೆದರೆ ಗಡಿಯಾರ ನೋಡಿ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಸಮಯ ಕಾಯುವ ಗಡಿಯಾರವೇ ಇಲ್ಲ, ನೆಟ್‌ನಿಂದ ಸಮಯ ಪಡೆಯುತ್ತವೆ. ತಾರೀಖು ಹಳೆಯದಾಗಿದ್ದರೆ ಸರಿಮಾಡಿ.

ಎಲ್ಲ ಸರಿ ಇದೆ, ಮೊಬೈಲ್‌ನಲ್ಲಿ ಕ್ಯಾಮೆರಾ ಮಾತ್ರ ಬರ್ತಿಲ್ಲ

ಅಂಗಡಿಯವರನ್ನು ಹೆಚ್ಚು ಸತಾಯಿಸುವುದು ಇದು. ಉದಾಹರಣೆಗೆ, ನಿನ್ನೆ ಪೈನ ವಿಳಾಸ 192.168.1.5 ಇತ್ತು. ರಾತ್ರಿ ಕರೆಂಟ್ ಹೋಗಿ ಬಂತು. ರೂಟರ್ ಎದ್ದು ಆ ನಂಬರನ್ನು ಬೇರೆ ಮೊಬೈಲ್‌ಗೆ ಕೊಟ್ಟು, ಪೈಗೆ 192.168.1.9 ಕೊಟ್ಟಿತು. ನಿಮ್ಮ ಆ್ಯಪ್ ಇನ್ನೂ 5ರ ಬಾಗಿಲನ್ನೇ ಬಡಿಯುತ್ತಿದೆ! ಪೈ ಕೆಟ್ಟಿಲ್ಲ, ಮನೆ ಬದಲಿಸಿದೆ ಅಷ್ಟೆ.

ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಪೈಗೆ ಒಂದೇ ವಿಳಾಸ ಕಾಯ್ದಿರಿಸಿದರೆ, ಅಂದರೆ ‘ಅಡ್ರೆಸ್ ರಿಸರ್ವೇಶನ್’ ಮಾಡಿದರೆ, ಈ ಕಾಟ ತಪ್ಪುತ್ತದೆ. ಗೊತ್ತಾಗದಿದ್ದರೆ ಕೇಬಲ್ ಹುಡುಗರು ಬಂದಾಗ ಮಾಡಿಸಿಕೊಳ್ಳಿ.

ಇನ್ನೆರಡು ಮಾತು

ಅಂಗಡಿಯ ವೈಫೈ ಪಾಸ್‌ವರ್ಡ್ ಬದಲಿಸಿದರೆ ಪೈಯಲ್ಲೂ ಬದಲಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಪೈಯ ಎಲ್ಲ ಫೈಲ್‌ಗಳು ಸಾಮಾನ್ಯವಾಗಿ ಪುಟ್ಟ ಮೆಮೊರಿ ಕಾರ್ಡ್‌ನಲ್ಲಿರುತ್ತವೆ. ಪದೇ ಪದೇ ಕರೆಂಟ್ ಹೋದರೆ ಆ ಕಾರ್ಡ್ ಕೆಡಬಹುದು. ಪೈ ಮತ್ತು ರೂಟರ್ ಎರಡನ್ನೂ ಸಣ್ಣ ಯುಪಿಎಸ್‌ಗೆ ಹಾಕಿ. ಕಾರ್ಡ್‌ನ ಒಂದು ನಕಲು ಇಟ್ಟುಕೊಂಡರೆ ಬೋರ್ಡ್ ಏಳದ ದಿನ ಕಾರ್ಡ್ ಬದಲಿಸಿ ವ್ಯಾಪಾರ ಮುಂದುವರಿಸಬಹುದು.

ಪೈನ ವಿಳಾಸವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ವಾರಕ್ಕೊಮ್ಮೆ ಅಂಗಡಿ ಬಾಗಿಲು ಹಾಕುವ ಮುನ್ನ ಹಿಂದಿನ ರಾತ್ರಿಯ ರೆಕಾರ್ಡಿಂಗ್ ಇದೆಯಾ ಅಂತ ಒಂದು ನಿಮಿಷ ತೆರೆದು ನೋಡಿ.