ಅಟ್ಟದ ಕಾಯಿ, ಆಕಾಶದ ಹಳೇ ಬೆಳಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮಗೆ ಈ ಲೆಕ್ಕ ಸುಲಭ. 30 ಅಡಿಗೊಂದು ತೆಂಗಿನ ಮರ, ಕಾಂಡ 1 ಅಡಿ ಅಗಲ ಅಂದುಕೊಳ್ಳಿ. ಒಂದು ಮರಕ್ಕೆ 900 ಚದರಡಿ ನೆಲ. ತೋಟದ ಮಧ್ಯೆ ನಿಂತು ಯಾವುದೋ ಒಂದು ದಿಕ್ಕಿಗೆ ನೋಡಿದರೆ, ಸರಾಸರಿ 900 ಅಡಿ ದೂರದಲ್ಲಿ ನೋಟ ಯಾವುದಾದರೂ ಕಾಂಡಕ್ಕೆ ತಾಗುತ್ತೆ. (ಸಾಲಿನ ನೇರಕ್ಕೆ ನೋಡಿದರೆ ಆ ಮಾತು ಬೇರೆ.) ತೋಟ ಸಾಕಷ್ಟು ದೊಡ್ಡದಿದ್ದರೆ ಆಚೆಯ ಬಯಲು ಕಾಣೋದೇ ಇಲ್ಲ. ಹಾಗೇ ನಕ್ಷತ್ರಗಳ ತೋಟಕ್ಕೆ ಕೊನೆಯಿಲ್ಲದಿದ್ದರೆ ಎತ್ತ ನೋಡಿದರೂ ನಕ್ಷತ್ರವೇ ಕಾಣಬೇಕಿತ್ತು. ರಾತ್ರಿ ಯಾಕೆ ಕತ್ತಲು? ಮುಖ್ಯ ಕಾರಣ, ವಿಶ್ವಕ್ಕೆ ಬರೀ 1380 ಕೋಟಿ ವರ್ಷ. ತುಂಬಾ ದೂರದ ಬೆಳಕು ಇನ್ನೂ ನಮ್ಮನ್ನು ಮುಟ್ಟಿಲ್ಲ.

ಆದರೂ ಆ ಕತ್ತಲು ಪೂರ್ತಿ ಕತ್ತಲಲ್ಲ. ಇದುವರೆಗಿನ ಎಲ್ಲ ಗೆಲಾಕ್ಸಿಗಳ ಬೆಳಕು ಸೇರಿ ಒಂದು ಮಸುಕು ಹೊಳಪು ಎಲ್ಲೆಡೆ ತುಂಬಿದೆ. (ಬಿಗ್ ಬ್ಯಾಂಗ್ ಬಿಟ್ಟುಹೋದ ಮೈಕ್ರೋವೇವ್ ಹಿನ್ನೆಲೆ ಬೇರೆ, ಇದು ಬೇರೆ.)

ಇದನ್ನು ಲೆಕ್ಕ ಹಾಕೋದು ಹೇಗೆ? ಉಂಡೆ ಕೊಬ್ಬರಿಗೆ ಅಟ್ಟದಲ್ಲಿ ಹಾಕಿದ ಕಾಯಿ ನೆನಪು ಮಾಡಿಕೊಳ್ಳಿ. ಹೊಸ ಕಾಯಲ್ಲಿ ನೀರು ತುಂಬಿರುತ್ತೆ, ಹಳೇದರಲ್ಲಿ ಬತ್ತಿರುತ್ತೆ. ಇವತ್ತು ಅಟ್ಟದಲ್ಲಿ ಒಟ್ಟು ಎಷ್ಟು ನೀರಿದೆ ಅಂತ ಹೇಳೋಕೆ ಯಾವ ಕೊಯ್ಲಿಗೆ ಎಷ್ಟು ಕಾಯಿ ಬಂತು, ಅದು ಎಷ್ಟು ಒಣಗಿದೆ ಅಂತ ಗೊತ್ತಿರಬೇಕು. ಬೆಳಕಿಗೂ ಅದೇ ಇಂಟಿಗ್ರಲ್. ನಕ್ಷತ್ರಗಳ ದೊಡ್ಡ ಕೊಯ್ಲು ಸುಮಾರು 1000 ಕೋಟಿ ವರ್ಷದ ಹಿಂದಿನದು. ವಿಶ್ವ ಹಿಗ್ಗಿದ್ದರಿಂದ ಆಗಿನ ಬೆಳಕಿನ ತರಂಗ ಸುಮಾರು 3 ಪಟ್ಟು ಉದ್ದವಾಗಿ, ಪ್ರತಿ ಫೋಟಾನಿನ ಶಕ್ತಿ ಮೂರರಲ್ಲೊಂದಾಗಿದೆ. ನಕ್ಷತ್ರದ ಬೆಳಕಲ್ಲಿ ಸರಿಸುಮಾರು ಅರ್ಧವನ್ನು ಧೂಳು ನುಂಗಿ ಇನ್ಫ್ರಾರೆಡ್ ಆಗಿ ಉಗುಳುತ್ತೆ.

ಇನ್ನೊಂದು ಮೂಲ ಬೆಳೆಯುತ್ತಿರುವ ಕಪ್ಪುಕುಳಿಗಳು. ಹೈಡ್ರೋಜನ್ ಹೀಲಿಯಂ ಆಗುವಾಗ ದ್ರವ್ಯರಾಶಿಯ 0.7% ಮಾತ್ರ ಶಕ್ತಿಯಾಗುತ್ತೆ. ಕಪ್ಪುಕುಳಿಗೆ ಬೀಳುವ ಅನಿಲದಿಂದ ಸುಮಾರು 10%. ಆದರೆ ಅದಕ್ಕೆ ಬೀಳೋದು ಕಮ್ಮಿ, ಹಾಗಾಗಿ ಒಟ್ಟು ಮೊತ್ತದಲ್ಲಿ ನಕ್ಷತ್ರಗಳದ್ದೇ ಮೇಲುಗೈ. ಎಕ್ಸ್-ರೇ ಹಿನ್ನೆಲೆಯಲ್ಲಿ ಮಾತ್ರ ಕಪ್ಪುಕುಳಿಗಳದ್ದೇ ರಾಜ್ಯ.

ಅಸಲಿ ಜಗಳ ಇರೋದು ಅತಿನೇರಳೆಯಲ್ಲಿ. ಗೆಲಾಕ್ಸಿಗಳ ನಡುವಿನ ಹೈಡ್ರೋಜನ್ನಿನಿಂದ ಎಲೆಕ್ಟ್ರಾನ್ ಕಿತ್ತವರು ಯಾರು? ಗೆಲಾಕ್ಸಿಯ ಒಳಗಿನ ಅನಿಲವೇ ಇಂಥ ಫೋಟಾನುಗಳನ್ನು ತಡೆಹಿಡಿಯುತ್ತೆ. ಎಷ್ಟು ತಪ್ಪಿಸಿಕೊಳ್ಳುತ್ತವೆ ಅನ್ನೋ ಒಂದು ಸಂಖ್ಯೆ ಬದಲಾದರೆ ಇಡೀ ಮಾದರಿ ಅಲುಗಾಡುತ್ತೆ. ಇಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಯೂವಿಟ್ ಅನ್ನು ಕಟ್ಟುವ ಕೆಲಸದ ಮುಂದಾಳತ್ವ ಇಲ್ಲಿನ ಭಾರತೀಯ ಖಭೌತ ಸಂಸ್ಥೆಯದ್ದು. 930 ಕೋಟಿ ವರ್ಷ ಹಿಂದೆ ಒಂದು ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಹೊರಟ ಇಂಥ ಬೆಳಕನ್ನು ಅದು ಹಿಡಿದಿದೆ ಅಂತ 2020ರಲ್ಲಿ ಪುಣೆಯ ಐಯುಕಾ ತಂಡ ಪ್ರಕಟಿಸಿತು.

ಮಾದರಿ ಸರಿಯೋ ತಪ್ಪೋ ನೋಡೋಕೆ ಗಾಮಾ ಕಿರಣ ಬೇಕು. ದೂರದಿಂದ ಬರುವ ಗಾಮಾ ಫೋಟಾನ್ ದಾರಿಯಲ್ಲಿ ಈ ಹಳೇ ಬೆಳಕಿಗೆ ಡಿಕ್ಕಿ ಹೊಡೆದರೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಮಾಯವಾಗುತ್ತೆ. ಎಷ್ಟು ಮಾಯವಾದವು ಅಂತ ಎಣಿಸಿದರೆ ದಾರಿಯಲ್ಲಿ ಎಷ್ಟು ಬೆಳಕಿತ್ತು ಅಂತ ಸಿಗುತ್ತೆ. ಇಂಥ ಗಾಮಾ ಕಿರಣ ಹಿಡಿಯುವ 21 ಮೀಟರ್ ಅಗಲದ ಮೇಸ್ ದೂರದರ್ಶಕ 2024ರ ಅಕ್ಟೋಬರ್‌ನಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಉದ್ಘಾಟನೆಯಾಯ್ತು.